‘ಆಗಲಿಕ್ಕಿಲ್ಲ’ದಿಂದ ‘ಆಗದ ಹೋಗದ ಮಾತಿ’ನವರೆಗೆ: ಅಸಂಭವವನ್ನು ಅಳೆದು ಹೇಳುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಔಷಧವೊಂದರ ಜೊತೆ ಕೊಡುವ ಮಾಹಿತಿ ಚೀಟಿಯನ್ನು ಕನ್ನಡಕ್ಕೆ ತಂದುಕೊಟ್ಟಿದ್ದೆ. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಒಂದರ ಮುಂದೆ ‘ಅಪರೂಪ’, ಇನ್ನೊಂದರ ಮುಂದೆ ‘ಬಹಳ ಅಪರೂಪ’ ಎಂದು ಬರೆದು ಕೈತೊಳೆದುಕೊಂಡೆ. ಒಮ್ಮೆ ಓದಿ ನೋಡಿ ಎಂದು ಹಿರಿಯರೊಬ್ಬರ ಕೈಗೆ ಕೊಟ್ಟರೆ ಅವರು ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು: “ಅಪರೂಪ ಅಂದ್ರೆ ಎಷ್ಟಪ್ಪಾ? ವರ್ಷಕ್ಕೊಂದ್ಸಲ ಬರೋ ನೆಂಟರಷ್ಟೋ, ಜನ್ಮಕ್ಕೊಂದ್ಸಲ ಬರೋ ನೆಂಟರಷ್ಟೋ?”

ನನ್ನ ಬಳಿ ಉತ್ತರ ಇರಲಿಲ್ಲ. ಮೂಲದಲ್ಲಿ ಆ ಎರಡು ಪದಗಳ ಹಿಂದೆ ಲೆಕ್ಕವಿತ್ತು. ನಾನು ಲೆಕ್ಕ ಬಿಟ್ಟು ಪದ ಮಾತ್ರ ತಂದಿದ್ದೆ.

ಅಂದಿನಿಂದ ಒಂದು ಕ್ರಮ ರೂಢಿಸಿಕೊಂಡಿದ್ದೇನೆ. ಸುದ್ದಿ, ವರದಿ, ಅನುವಾದ, ಮನೆಯವರಿಗೆ ಕಳಿಸುವ ಮೆಸೇಜು, ಎಲ್ಲದಕ್ಕೂ ಅದು ಒದಗುತ್ತದೆ. ಅದರ ತಿರುಳು ಇಷ್ಟು: ಪದ ಹುಡುಕುವ ಮೊದಲು ಯಾವ ಬಗೆಯ ‘ಇಲ್ಲ’ ಹೇಳುತ್ತಿದ್ದೇವೆ ಎಂದು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಗುಣವಾಚಕಗಳ ರಾಶಿ ಹಾಕದೆ ಕ್ರಿಯಾಪದದ ಬಾಲವನ್ನು ನಂಬಬೇಕು. ಎಡವಿದರೆ ಪೆಟ್ಟಾಗುವ ಕಡೆ ಪದದ ಪಕ್ಕದಲ್ಲಿ ಅಂಕಿ ಇರಲೇಬೇಕು.

ಹೆಜ್ಜೆ 1: ಯಾವ ‘ಇಲ್ಲ’?

ಅಸಾಧ್ಯ, ಅಸಂಭವ, ಅಪರೂಪ, ನಂಬಲಾಗದ್ದು, ಕಾಕತಾಳೀಯ. ಈ ಐದನ್ನೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬರೆಯುವವರನ್ನು ದಿನವೂ ನೋಡುತ್ತೇನೆ. ಇವು ಐದು ಬೇರೆ ಪ್ರಶ್ನೆಗಳಿಗೆ ಉತ್ತರ.

‘ಅಸಾಧ್ಯ’ ಎಂಬುದು ಶಕ್ತಿಯ ಅಥವಾ ನಿಯಮದ ಮಾತು. ಮಾಡಲು ಬರುವುದಿಲ್ಲ, ಮುಗಿಯಿತು. ಅಲ್ಲಿ ಹೆಚ್ಚು ಕಡಿಮೆ ಇಲ್ಲ. ಹಾಗಾಗಿ ‘ತುಂಬಾ ಅಸಾಧ್ಯ’ ಎಂದು ಬರೆದವರು ನಿಜಕ್ಕೂ ಹೇಳಹೊರಟದ್ದು ‘ಕಷ್ಟಸಾಧ್ಯ’ವನ್ನೋ ‘ದುಸ್ಸಾಧ್ಯ’ವನ್ನೋ ಇರಬೇಕು. ‘ಅಸಂಭವ’ ಘಟನೆಯ ಮಾತು: ಆಗುವ ಲಕ್ಷಣ ಕಾಣುತ್ತಿಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ‘ಅಪರೂಪ’ ಎಣಿಕೆಯ ಮಾತು: ಆಗುತ್ತದೆ, ಆದರೆ ಯಾವಾಗಲೋ ಒಮ್ಮೆ. ‘ನಂಬಲಾಗದ್ದು’ ಕೇಳಿದವನ ಮನಸ್ಸಿನ ಸ್ಥಿತಿಯೇ ಹೊರತು ಘಟನೆಯ ಗುಣವಲ್ಲ. ಆಗಿಹೋದ ಎರಡು ಸಂಗತಿಗಳು ಅಕಸ್ಮಾತ್ತಾಗಿ ಜೊತೆಗೂಡಿದರೆ ಅದು ‘ಕಾಕತಾಳೀಯ’. ಮುಂದೆ ಆಗಬೇಕಾದ್ದಕ್ಕೆ ಈ ಪದ ಹೊಂದುವುದಿಲ್ಲ.

ಒಂದು ಪರೀಕ್ಷೆ: ನಿಮ್ಮ ವಾಕ್ಯದ ಕೊನೆಗೆ ‘ಆದರೂ ಒಮ್ಮೊಮ್ಮೆ ಆಗುತ್ತದೆ’ ಎಂದು ಸೇರಿಸಿ. ಹೊಂದಿಕೊಂಡರೆ ಅದು ಅಪರೂಪ. ‘ಆದರೂ ಆದೀತು’ ಎಂದು ಸೇರಿಸಿದರೆ ಹೊಂದುವುದು ಅಸಂಭವ. ಎರಡೂ ಹೊಂದದಿದ್ದರೆ ಮಾತ್ರ ‘ಅಸಾಧ್ಯ’ ಬರೆಯಿರಿ. ನಮ್ಮ ಮಾತಿನಲ್ಲಿ ಅಸಂಭವಕ್ಕೂ ಅಸಾಧ್ಯಕ್ಕೂ ನಡುವಿನ ಗೆರೆ ಈಗಾಗಲೇ ಅರ್ಧ ಅಳಿಸಿಹೋಗಿದೆ, ಬಹಳ ಜನ ‘ಅಸಂಭವ’ ಕೇಳಿದರೆ ‘ಆಗುವುದೇ ಇಲ್ಲ’ ಎಂದೇ ತಿಳಿಯುತ್ತಾರೆ. ಅದಕ್ಕೇ ಗಂಭೀರ ಬರವಣಿಗೆಯಲ್ಲಿ ನಾನು ‘ಅಸಂಭವ’ವನ್ನು ಒಂಟಿಯಾಗಿ ಬಿಡುವುದಿಲ್ಲ.

ಹೆಜ್ಜೆ 2: ಕ್ರಿಯಾಪದದ ಬಾಲ ಹಿಡಿಯಿರಿ

ಕನ್ನಡದ ನಿಜವಾದ ಸಂಪತ್ತು ಇಲ್ಲಿದೆ. ಇದನ್ನು ಮರೆತು ‘ಬರುವ ಸಾಧ್ಯತೆಗಳು ತೀರಾ ಕಡಿಮೆ ಇರುವ ಸಂಭವವಿದೆ’ ಎಂದು ಬರೆಯುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸೋಣ ಅನಿಸುತ್ತದೆ. ‘ಬರಲಿಕ್ಕಿಲ್ಲ’ ಎಂಬ ಒಂದೇ ಪದ ಆ ಕೆಲಸವನ್ನೆಲ್ಲ ಮಾಡುತ್ತದೆ.

ಒಂದೇ ವಾಕ್ಯ ಹಿಡಿದು ಮೆಟ್ಟಿಲು ಇಳಿಯೋಣ: ‘ಅವನು ನಾಳೆ ಬರುತ್ತಾನೆ.’

‘ಬರಬಹುದು’ ನಡುಮಟ್ಟದ್ದು, ಯಾವ ಕಡೆಗೂ ವಾಲುವುದಿಲ್ಲ. ಇದಕ್ಕೆ ಅನುಮತಿಯ ಅರ್ಥವೂ ಇದೆ ಎಂಬುದು ನೆನಪಿರಲಿ: ‘ನೀವಿನ್ನು ಒಳಗೆ ಬರಬಹುದು’ ಎಂದಾಗ ಅಲ್ಲಿ ಊಹೆ ಇಲ್ಲ. ಇದಕ್ಕೆ ‘ಏನೋ’ ಅಂಟಿಸಿ ‘ಬರಬಹುದೇನೋ’ ಎಂದ ಕೂಡಲೇ ಹೇಳುವವನ ಭರವಸೆ ಒಂದು ಮೆಟ್ಟಿಲು ಇಳಿಯಿತು. ‘ಬಂದರೂ ಬರಬಹುದು’ ಎಂದರೆ ಇನ್ನೂ ಕೆಳಗೆ. ಇಲ್ಲಿ ಹೇಳುವವನು ಬರುವುದಿಲ್ಲ ಎಂದೇ ಮನಸ್ಸಿನಲ್ಲಿ ತೀರ್ಮಾನಿಸಿದ್ದಾನೆ, ನಾಳೆ ಬಂದುಬಿಟ್ಟರೆ ತನ್ನ ಮಾತು ಸುಳ್ಳಾಗಬಾರದೆಂದು ಸಣ್ಣ ಕಿಂಡಿ ಬಿಟ್ಟಿದ್ದಾನೆ. ಅಸಂಭವ ಹೇಳಲು ನನಗೆ ಬಲು ಇಷ್ಟವಾದ ರೂಪ ಇದು.

ಇನ್ನು ‘ಬಂದಾನು’. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಬಾಯಿಪಾಠ ಮಾಡಿದ್ದೇವಲ್ಲ, ಬಂದೇನು, ಬಂದಾನು, ಬಂದಾಳು, ಬಂದೀತು, ಅದೇ. ದಿನದ ಮಾತಿನಲ್ಲಿ ಕೆಲವು ಕಡೆ ಇದು ತೆಳುವಾಗುತ್ತಿದೆ, ಆದರೆ ಒಂದು ಜಾಗದಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ: ಎಚ್ಚರಿಕೆಯಲ್ಲಿ. ‘ಮರ ಹತ್ತಬೇಡ, ಬಿದ್ದೀಯ.’ ‘ಕೈ ಹಾಕಬೇಡ, ಕಚ್ಚೀತು.’ ಇದನ್ನು ಸ್ವಲ್ಪ ನಿಂತು ನೋಡಿ. ಬೀಳುವ ಸಂಭವ ನೂರಕ್ಕೆ ಐದೇ ಇರಬಹುದು, ಬಿದ್ದರೆ ಮಾತ್ರ ಕೈಕಾಲು ಮುರಿಯುತ್ತದೆ. ಸಂಭವ ಸಣ್ಣದು, ಕೇಡು ದೊಡ್ಡದು, ಎರಡನ್ನೂ ‘ಬಿದ್ದೀಯ’ ಎಂಬ ಮೂರಕ್ಷರ ಹೊತ್ತು ನಿಂತಿದೆ. ಅಪಾಯದ ಬಗ್ಗೆ ಬರೆಯುವವರು ಈ ರೂಪವನ್ನು ಮೂಲೆಗೆ ಹಾಕಬಾರದು. ‘ಹೊಗೆ ಒಳಗೆ ತುಂಬೀತು, ಕಿಟಕಿ ತೆರೆದಿಡಿ’ ಎಂಬುದು ‘ಹೊಗೆ ತುಂಬುವ ಸಾಧ್ಯತೆ ಇರುವುದರಿಂದ’ ಎಂಬುದಕ್ಕಿಂತ ಬೇಗ ಕೈಕಾಲು ಆಡಿಸುತ್ತದೆ.

‘ಬರಲಿಕ್ಕಿಲ್ಲ’ ಆಧಾರವಿರುವ ನಿರಾಕರಣೆ. ಹೇಳುವವನಿಗೆ ಏನೋ ಸುಳಿವು ಸಿಕ್ಕಿದೆ, ಖಾತ್ರಿಯಿಲ್ಲ. ಇಲ್ಲೊಂದು ಗುಂಡಿಯಿದೆ. ಕರಾವಳಿಯ ಮಾತಿನಲ್ಲಿ ‘ನಾಳೆ ಹೋಗ್ಲಿಕ್ಕುಂಟು’ ಎಂದರೆ ಹೋಗಬೇಕಾಗಿದೆ ಎಂದು, ‘ಹೋಗ್ಲಿಕ್ಕಿಲ್ಲ’ ಎಂದರೆ ಹೋಗಬೇಕಾಗಿಲ್ಲ ಎಂದು. ಒಳನಾಡಿನವರು ಅದನ್ನೇ ಊಹೆ ಎಂದು ಕೇಳಿಸಿಕೊಳ್ಳುತ್ತಾರೆ. ಎಲ್ಲ ಕಡೆಯವರೂ ಓದುವ ಬರಹವಾದರೆ ಮುಂದೊಂದು ‘ಬಹುಶಃ’ ಇಡಿ: ‘ಬಹುಶಃ ಬರಲಿಕ್ಕಿಲ್ಲ.’ ಗೊಂದಲ ಅಲ್ಲಿಗೆ ಮುಗಿಯಿತು.

‘ಬರಲಾರ’ ಇನ್ನೂ ಬಿಗಿ, ಆದರೆ ಇದಕ್ಕೂ ಎರಡು ಮುಖ. ‘ಕಾಲು ಉಳುಕಿದೆ, ನಡೆಯಲಾರ’ ಎಂದರೆ ಶಕ್ತಿಯಿಲ್ಲ. ‘ಇಷ್ಟು ಹೊತ್ತಾದ ಮೇಲೆ ಬರಲಾರ’ ಎಂದರೆ ಊಹೆ. ಕರ್ತೃ ಜೀವವಿಲ್ಲದ್ದಾದರೆ ಗೊಂದಲ ತಾನೇ ಕರಗುತ್ತದೆ: ‘ಮಳೆ ಬರಲಾರದು’ ಎಂದರೆ ಮಳೆಗೆ ಶಕ್ತಿಯಿಲ್ಲವೆಂದು ಯಾರೂ ತಿಳಿಯುವುದಿಲ್ಲ. ಮನುಷ್ಯರ ವಿಷಯಕ್ಕೆ ಬಳಸುವಾಗ ಕಾರಣವನ್ನೂ ಜೊತೆಗೆ ಹೇಳಿ.

ಆಡುಮಾತಿನಲ್ಲಿ ಇನ್ನೆರಡು ಇವೆ. ‘ಬರೋದು ಡೌಟು’ ಅರ್ಧದಿಂದ ಸ್ವಲ್ಪ ಕೆಳಗೆ. ‘ಬರೋದು ಕಷ್ಟ’ ಅದಕ್ಕಿಂತ ಕೆಳಗೆ. ‘ಕಷ್ಟ’ ಇಲ್ಲಿ ಶ್ರಮವಲ್ಲ, ಅಸಂಭವ. ಗೆಳೆಯರ ನಡುವೆ ಇದು ಸರಾಗ. ಆದರೆ ಆಸ್ಪತ್ರೆಯ ವರಾಂಡದಲ್ಲಿ ವೈದ್ಯರು ‘ಉಳಿಯೋದು ಕಷ್ಟ’ ಎಂದಾಗ ಕೇಳುವವರಲ್ಲಿ ಒಬ್ಬರಿಗೆ ‘ಇನ್ನಿಲ್ಲ’ ಎಂದು ಕೇಳಿಸಿದರೆ ಇನ್ನೊಬ್ಬರಿಗೆ ‘ಕಷ್ಟಪಟ್ಟರೆ ಉಳಿಸಬಹುದು’ ಎಂದು ಕೇಳಿಸುತ್ತದೆ. ಆಸೆಯಿರುವ ಕಿವಿಗೆ ಈ ಪದ ಒಳ್ಳೆಯದಲ್ಲ.

ವ್ಯಂಗ್ಯದ ‘ಬಂದ ಹಾಗೇ!’ ಎದುರಾಎದುರು ಮಾತಿಗೆ ಮಾತ್ರ. ಬರೆದರೆ ‘ಬಂದಂತೆ ಕಾಣುತ್ತದೆ’ ಎಂದು ನೇರ ಅರ್ಥ ಹೊರಟೀತು. ಎರಡು ನಿಷೇಧ ಸೇರಿದ ‘ಬರದೇ ಇರಲಿಕ್ಕಿಲ್ಲ’ವನ್ನೂ ಬಿಡಿ. ಅದರ ಅರ್ಥ ಬಂದಾನು ಎಂದೇ ಆದರೂ ಓದುಗ ಎರಡು ಸಲ ಎಡವಿ ಅಲ್ಲಿಗೆ ತಲುಪಬೇಕು.

ನನ್ನ ಕಿವಿಯ ಅಳತೆ ಹೇಳುವುದಾದರೆ: ‘ಬರಬಹುದು’ ಹತ್ತಕ್ಕೆ ಐದು, ‘ಬರಬಹುದೇನೋ’ ಮೂರೋ ನಾಲ್ಕೋ, ‘ಬರಲಿಕ್ಕಿಲ್ಲ’ ಎರಡು, ‘ಬಂದರೂ ಬರಬಹುದು’ ಒಂದೋ ಎರಡೋ, ‘ಬರಲಾರ’ ಒಂದಕ್ಕೂ ಕಡಿಮೆ. ನಿಮ್ಮದು ಬೇರೆ ಇದ್ದೀತು. ಮನೆಯಲ್ಲಿ ಮೂವರನ್ನು ಕೇಳಿ ನೋಡಿ, ಮೂರು ಉತ್ತರ ಸಿಗುತ್ತದೆ. ಆ ವ್ಯತ್ಯಾಸ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ.

1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಯುಗೊಸ್ಲಾವಿಯಾದ ಮೇಲೆ ಆ ವರ್ಷ ದಾಳಿ ನಡೆಯಬಹುದೇ ಎಂದು ಒಂದು ವರದಿ ಬರೆದರು. ದಾಳಿಯನ್ನು ‘ಗಂಭೀರ ಸಾಧ್ಯತೆ’ ಎಂದು ಪರಿಗಣಿಸಬೇಕು ಎಂಬುದು ಅದರ ಸಾರ. ವಿದೇಶಾಂಗ ಇಲಾಖೆಯ ಒಬ್ಬರು, ಹಾಗೆಂದರೆ ಎಷ್ಟು ಎಂದು ಕೇಳಿದಾಗ ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್ ತಮ್ಮ ಮನಸ್ಸಿನಲ್ಲಿದ್ದದ್ದು ನೂರಕ್ಕೆ 65 ಎಂದರು. ಕೇಳಿದವರು ಬೆಚ್ಚಿದರು, ಅವರು ಅದನ್ನು ಬಹಳ ಕಡಿಮೆ ಎಂದು ಓದಿಕೊಂಡಿದ್ದರು. ಕೆಂಟ್ ವಾಪಸ್ಸು ಬಂದು ತಮ್ಮದೇ ತಂಡದವರನ್ನು ಕೇಳಿದರೆ ಒಬ್ಬರಿಗೆ ಅದು ನೂರಕ್ಕೆ 20, ಇನ್ನೊಬ್ಬರಿಗೆ 80. ಒಟ್ಟಿಗೆ ಕೂತು ಒಪ್ಪಿ ಸಹಿ ಹಾಕಿದ ಪದವದು! 1964ರಲ್ಲಿ ಕೆಂಟ್ ಈ ಕಥೆಯನ್ನೇ ಬರೆದು, ಪದಗಳಿಗೆ ಅಂಕಿಯ ಅಳತೆ ಕಟ್ಟುವ ಪಟ್ಟಿಯೊಂದನ್ನು ಮುಂದಿಟ್ಟರು. ಅದರಲ್ಲಿ ‘ಬಹುತೇಕ ಆಗುವುದಿಲ್ಲ’ ಎಂಬುದಕ್ಕೆ ನೂರಕ್ಕೆ ಸುಮಾರು 7, ‘ಬಹುಶಃ ಆಗಲಿಕ್ಕಿಲ್ಲ’ ಎಂಬುದಕ್ಕೆ ಸುಮಾರು 30.

ಹೆಜ್ಜೆ 3: ‘ಸಾಧ್ಯತೆ’ಯ ಪಕ್ಕ ಏನು ಕೂರಿಸುತ್ತೀರಿ

‘ಸಾಧ್ಯತೆ ಇದೆ’ ಎಂಬ ಮಾತು ಏನನ್ನೂ ಹೇಳುವುದಿಲ್ಲ. ಲಕ್ಷಕ್ಕೆ ಒಂದಿದ್ದರೂ ಸಾಧ್ಯತೆ ಇದೆ, ನೂರಕ್ಕೆ ತೊಂಬತ್ತಿದ್ದರೂ ಇದೆ. ‘ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ’ ಎಂಬುದು ಅದರ ಕೋಟು ತೊಟ್ಟ ತಮ್ಮ. ಇವೆರಡನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂದು ಅಳತೆಯ ಪದ ಕೂರಿಸಿ. ಆದರೆ ಆ ಪದಗಳೂ ಒಂದೇ ತೂಕದವಲ್ಲ.

‘ಕಡಿಮೆ’ ನಿರುಪದ್ರವಿ. ‘ಕ್ಷೀಣ’ದಲ್ಲಿ ಚಲನೆಯಿದೆ, ಮೊದಲು ಹೆಚ್ಚಿದ್ದದ್ದು ಸವೆದು ಬಂದಿದೆ ಎಂಬ ಧ್ವನಿ. ಐದು ವಿಕೆಟ್ ಬಿದ್ದ ಮೇಲೆ ಗೆಲುವಿನ ಸಾಧ್ಯತೆ ಕ್ಷೀಣ. ಟಾಸಿಗೆ ಮೊದಲೇ ದುರ್ಬಲ ತಂಡದ ಸಾಧ್ಯತೆ ಬರೀ ಕಡಿಮೆ. ‘ವಿರಳ’ ಎಂದರೆ ಅಲ್ಲೊಂದು ಇಲ್ಲೊಂದು ಎಂದು ಚದುರಿರುವುದು, ಅದು ಘಟನೆಗಳಿಗೆ ಹೊಂದುತ್ತದೆ: ‘ಇಂಥ ಪ್ರಕರಣಗಳು ವಿರಳ.’ ‘ಸಾಧ್ಯತೆ ವಿರಳ’ ಎಂದರೆ ಒಂದೇ ಸಾಧ್ಯತೆಯನ್ನು ಹೊಲದಲ್ಲಿ ಬಿತ್ತಿದ ಹಾಗೆ. ‘ನಗಣ್ಯ’ ಎಂದರೆ ಎಣಿಕೆಗೆ ತೆಗೆದುಕೊಳ್ಳಬೇಕಿಲ್ಲ ಎಂಬ ತೀರ್ಪು; ಯಾರ ಪಾಲಿಗೆ ಬೇಕಿಲ್ಲ ಎಂದು ಒಮ್ಮೆ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮಲಗುವವನಿಗೆ ಸಾವಿರಕ್ಕೆ ಒಂದು ನಗಣ್ಯವಲ್ಲ.

‘ದುರ್ಲಭ’ದ ವಿಷಯದಲ್ಲಿ ಎಷ್ಟೋ ಜನ ಜಾರುತ್ತಾರೆ. ಪಡೆಯಲು ಕಷ್ಟವಾದದ್ದು ದುರ್ಲಭ, ಅಂದರೆ ಪಡೆಯಬೇಕೆಂಬ ಆಸೆ ಅದರೊಳಗೇ ಇದೆ. ‘ದುರ್ಲಭ ಕಾಯಿಲೆ’ ಎಂದು ಬರೆದರೆ ರೋಗಕ್ಕಾಗಿ ತಪಸ್ಸು ಮಾಡಿದಂತಾಯಿತು. ‘ಅಪರೂಪ’ಕ್ಕೂ ಇಂಥದೇ ಸಿಹಿ ಅಂಟಿದೆ (ಅಪರೂಪದ ಅತಿಥಿ, ಅಪರೂಪದ ಪ್ರತಿಭೆ), ಆದರೆ ‘ಅಪರೂಪದ ಕಾಯಿಲೆ’ ಬಳಕೆಯಲ್ಲಿ ಸವೆದು ಒಗ್ಗಿಹೋಗಿದೆ. ಕೆಡುಕಿನ ಮಾತಿಗೆ ‘ವಿರಳ’ ಎಲ್ಲಕ್ಕಿಂತ ಸುರಕ್ಷಿತ.

ಹೆಜ್ಜೆ 4: ಉಪಮೆ ಬೇಕೆಂದರೆ ಅದರ ಹೊಟ್ಟೆ ನೋಡಿ

ಮೊಲದ ಕೊಂಬು, ಗಗನಕುಸುಮ, ಬಂಜೆಯ ಮಗ. ತರ್ಕಶಾಸ್ತ್ರದವರು ಇಲ್ಲವೇ ಇಲ್ಲದ್ದನ್ನು ತೋರಿಸಲು ಕಟ್ಟಿದ ಮಾತುಗಳಿವು. ಮರಳಿನಿಂದ ಎಣ್ಣೆ ತೆಗೆದರೂ ತೆಗೆಯಬಹುದು, ಮೊಲದ ಕೊಂಬನ್ನು ಕಂಡರೂ ಕಾಣಬಹುದು, ಹಟಮಾರಿ ಮೂರ್ಖನ ಮನಸ್ಸನ್ನು ಮಾತ್ರ ಒಲಿಸಲಾಗದು ಎಂದು ಭರ್ತೃಹರಿ ನೀತಿಶತಕದಲ್ಲಿ ಹೇಳುವುದರ ಸೊಗಸು ಅಲ್ಲೇ ಇದೆ: ಅಸಾಧ್ಯಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳಿಗಿಂತ ಕೆಳಗೆ ಇನ್ನೊಂದನ್ನು ಇಡುವುದು. ಇಂದಿನ ಸುದ್ದಿಭಾಷೆಯಲ್ಲಿ ಗಗನಕುಸುಮ ‘ಕೈಗೆಟುಕದ್ದು’ ಎಂಬಷ್ಟಕ್ಕೆ ಇಳಿದಿದೆ. ‘ಬಡವರಿಗೆ ಮನೆ ಗಗನಕುಸುಮ’ ಎಂದರೆ ಮನೆಯೇ ಇಲ್ಲವೆಂದಲ್ಲ, ಇವರಿಗೆ ಸಿಗದು ಎಂದು. ಅದು ತಪ್ಪೆಂದು ಜಗಳ ಆಡುವುದಿಲ್ಲ, ಆದರೆ ಅಲ್ಲಿಗೆ ‘ಕನ್ನಡಿಯೊಳಗಿನ ಗಂಟು’ ಹೆಚ್ಚು ಸರಿ: ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ‘ಬಿಸಿಲುಗುದುರೆ’ಯೂ ಕಾಣುತ್ತದೆ, ಹತ್ತಿರ ಹೋದಷ್ಟೂ ದೂರ ಓಡುತ್ತದೆ, ಮತ್ತೆ ಮತ್ತೆ ಮುಂದೂಡಿದ ಭರವಸೆಗೆ ಅದು ಒಪ್ಪುತ್ತದೆ. ‘ಮರೀಚಿಕೆ’ ಅದೇ ಅರ್ಥದ್ದಾದರೂ ತಲೆಬರಹಗಳಲ್ಲಿ ದುಡಿದು ದುಡಿದು ಸುಸ್ತಾಗಿದೆ, ಸ್ವಲ್ಪ ರಜೆ ಕೊಡಿ.

‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ’ ಎಂಬುದನ್ನು ಲೆಕ್ಕ ಹಾಕಿದರೆ ನಗು ಬರುತ್ತದೆ. ಎರಡೂ ಸೇರಿ ಸುಮಾರು ಹದಿನೈದು ದಿನಕ್ಕೊಮ್ಮೆ ಬರುತ್ತವೆ, ವರ್ಷಕ್ಕೆ ಇಪ್ಪತ್ತನಾಲ್ಕು ಸಲ! ದೂರು ಹೇಳಲು ಇದು ಚೆನ್ನ, ಅಳತೆಗೆ ಅಲ್ಲ.

ಅಸಾಧ್ಯವಲ್ಲದ, ಆದರೆ ಊಹಿಸಲಾಗದಷ್ಟು ಅಸಂಭವವಾದದ್ದಕ್ಕೆ ಬೌದ್ಧರ ಧರ್ಮಗ್ರಂಥ ಸಂಯುಕ್ತ ನಿಕಾಯದ ಉಪಮೆಯನ್ನು ಮೀರಿಸುವುದು ನಾನು ಓದಿಲ್ಲ. ಸಾಗರದಲ್ಲಿ ಒಂದೇ ತೂತಿನ ನೊಗವೊಂದು ಗಾಳಿಗೆ ಸಿಕ್ಕಿ ತೇಲುತ್ತಿದೆ. ನೂರು ವರ್ಷಕ್ಕೊಮ್ಮೆ ಒಂದು ಕುರುಡು ಆಮೆ ಮೇಲಕ್ಕೆ ಬರುತ್ತದೆ. ಅದರ ಕುತ್ತಿಗೆ ಆ ತೂತಿನೊಳಗೇ ತೂರಬೇಕು. ನೋಡಿ, ಎಲ್ಲಿಯೂ ‘ಅತ್ಯಂತ’ ಎಂಬ ಪದವಿಲ್ಲ. ಸಾಗರ ದೊಡ್ಡದು, ತೂತು ಒಂದೇ, ಆಮೆ ಕುರುಡು, ಬರುವುದು ನೂರು ವರ್ಷಕ್ಕೊಮ್ಮೆ: ಒಂದೊಂದು ಷರತ್ತೂ ಸಂಭವವನ್ನು ಇನ್ನಷ್ಟು ಕುಗ್ಗಿಸುತ್ತದೆ. ನೀವೇ ಉಪಮೆ ಕಟ್ಟುವುದಾದರೆ ಹೀಗೆ ಷರತ್ತುಗಳನ್ನು ಪೇರಿಸಿ.

ಹೆಜ್ಜೆ 5: ಅಂಕಿ ಇಡಿ, ಆದರೆ ಜಾಣತನದಿಂದ

ಮೊದಲ ನಿಯಮ, ಒಂದಕ್ಕಿಂತ ಕಡಿಮೆಯ ಶೇಕಡಾವಾರನ್ನು ತಲೆಲೆಕ್ಕಕ್ಕೆ ಬದಲಿಸಿ. ‘ಶೇ. 0.02’ ಎಂದರೆ ಕಣ್ಣು ಜಾರಿ ಮುಂದೆ ಹೋಗುತ್ತದೆ. ‘ಹತ್ತು ಸಾವಿರ ಜನರಲ್ಲಿ ಇಬ್ಬರು’ ಎಂದರೆ ಆ ಇಬ್ಬರು ಕಾಣುತ್ತಾರೆ. ಎರಡನೆಯದು, ಹೋಲಿಸುವಾಗ ಕೆಳಗಿನ ಸಂಖ್ಯೆ ಒಂದೇ ಇರಲಿ. ‘25ಕ್ಕೆ 1’ ಮತ್ತು ‘200ಕ್ಕೆ 1’ ಅಕ್ಕಪಕ್ಕ ಇಟ್ಟರೆ 200 ಕಂಡವರಿಗೆ ಅದೇ ದೊಡ್ಡ ಅಪಾಯವೆಂದು ತೋರುವುದುಂಟು. ‘ಸಾವಿರಕ್ಕೆ 40, ಸಾವಿರಕ್ಕೆ 5’ ಎಂದರೆ ಎಡವಲು ಜಾಗವಿಲ್ಲ.

‘ಎರಡು ಪಟ್ಟು’ ಎಂಬುದನ್ನು ಒಂಟಿಯಾಗಿ ಎಂದೂ ಬರೆಯಬೇಡಿ. 1995ರಲ್ಲಿ ಬ್ರಿಟನ್ನಿನಲ್ಲಿ ಒಂದು ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಹೊರಟು, ಗಾಬರಿಯಿಂದ ಬಹಳ ಮಂದಿ ಮಾತ್ರೆ ಬಿಟ್ಟರು. ಬೇಡದ ಗರ್ಭಗಳೂ ಗರ್ಭಪಾತಗಳೂ ಏರಿದವು. ಎರಡು ಪಟ್ಟು ಎಂದರೆ ಏನು? ಸುಮಾರು 7000 ಮಹಿಳೆಯರಲ್ಲಿ ಒಬ್ಬರಿದ್ದದ್ದು ಇಬ್ಬರಾಗಿದ್ದರು. ಸಂಖ್ಯೆ ಸುಳ್ಳಲ್ಲ, ಹೇಳಿದ ರೀತಿ ದಾರಿ ತಪ್ಪಿಸಿತು.

‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ವೂ ಇಂಥ ಮೋಸದ ಮಾತು. ಕಳೆದ ವರ್ಷ ಬಂತು, ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದು ಕೇಳಿಸುತ್ತದೆ. ಪರಿಣತರ ಅರ್ಥ: ಪ್ರತಿ ವರ್ಷವೂ ನೂರಕ್ಕೆ ಒಂದು ಸಂಭವ. 30 ವರ್ಷ ಅದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ನೀರು ನುಗ್ಗುವ ಸಂಭವ ನೂರಕ್ಕೆ 26 ಆಗುತ್ತದೆ. ಬರೆಯುವಾಗ ಆ 26ನ್ನೇ ಹೇಳಿ.

ತೀರ ಸಣ್ಣ ಸಂಖ್ಯೆಗೆ ಕೈಗೆ ಸಿಗುವ ಅಳತೆಗೋಲು ಬೇಕಾದರೆ ನಾಣ್ಯ ಸಾಕು. ಹತ್ತು ಸಲ ಚಿಮ್ಮಿ ಹತ್ತೂ ಸಲ ಹೆಡ್ ಬೀಳುವುದು 1024ರಲ್ಲಿ ಒಂದು, ಇಪ್ಪತ್ತು ಸಲವೂ ಹೆಡ್ಡೇ ಬೀಳುವುದು ಹತ್ತು ಲಕ್ಷದ ನಲವತ್ತೆಂಟು ಸಾವಿರ ಚಿಲ್ಲರೆಯಲ್ಲಿ ಒಂದು.

ಪದಗಳಿಗೆ ಮೊದಲೇ ಅಳತೆ ಗೊತ್ತುಮಾಡಿದ ಕ್ಷೇತ್ರದ ಬರಹವಾದರೆ ಆ ಅಳತೆಯನ್ನು ಓದುಗರಿಗೂ ಹೇಳಿ. ಹವಾಮಾನ ಬದಲಾವಣೆಯ ಕುರಿತ ಐಪಿಸಿಸಿ (ವಿಶ್ವಸಂಸ್ಥೆಯ ಸಮಿತಿ) ವರದಿಗಳಲ್ಲಿ ಅಸಂಭವದ ಪದಕ್ಕೆ ನೂರಕ್ಕೆ 33ರವರೆಗೆ, ಅದರ ಮುಂದಿನ ಹಂತಕ್ಕೆ 10ರವರೆಗೆ, ಕಟ್ಟಕಡೆಯದಕ್ಕೆ 1ರವರೆಗೆ ಮಿತಿಯಿದೆ. ನೂರಕ್ಕೆ ಮೂವತ್ತನ್ನು ಕನ್ನಡದಲ್ಲಿ ‘ಅಸಂಭವ’ ಎಂದು ಅನುವಾದಿಸಿದರೆ ಓದುಗ ಸೊನ್ನೆ ಎಂದುಕೊಳ್ಳುತ್ತಾನೆ. ನಾನಾದರೆ ‘ಆಗಲಿಕ್ಕಿಲ್ಲ, ಸಂಭವ ಮೂರರಲ್ಲಿ ಒಂದಕ್ಕಿಂತ ಕಡಿಮೆ’ ಎಂದು ಬರೆಯುತ್ತೇನೆ.

ಹೆಜ್ಜೆ 6: ಆಗಿಹೋದದ್ದಕ್ಕೆ ಬೇರೆ ಮಾತು

‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.’ ಇದರ ಸಂಸ್ಕೃತದ ಅಣ್ಣನೇ ಕಾಕತಾಳೀಯ, ಅಲ್ಲಿ ಬೀಳುವುದು ತಾಳೆಹಣ್ಣು. ಘುಣಾಕ್ಷರ ನ್ಯಾಯ ಸ್ವಲ್ಪ ಬೇರೆ: ಹುಳು ಮರ ಕೊರೆದ ಗೀಟು ಅಕ್ಷರದಂತೆ ಕಂಡಿತು, ಹುಳುವಿಗೆ ಅಕ್ಷರಜ್ಞಾನವಿರಲಿಲ್ಲ. ಜೊತೆ ಜೊತೆಗೆ ನಡೆದದ್ದಕ್ಕೆ ಮೊದಲನೆಯದು, ಅರಿಯದೆ ಸರಿಯಾಗಿಬಿಟ್ಟದ್ದಕ್ಕೆ ಎರಡನೆಯದು.

ಇಲ್ಲಿ ‘ಕೋಟಿಗೊಂದು’ ಎಂದು ಉದ್ಗರಿಸುವ ಮೊದಲು ಎಷ್ಟು ಜನ ಕಣದಲ್ಲಿದ್ದರು ಎಂದು ನೋಡಿ. 1986ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಹಿಳೆಯೊಬ್ಬರು ನಾಲ್ಕು ತಿಂಗಳೊಳಗೆ ಎರಡನೇ ಬಾರಿ ರಾಜ್ಯ ಲಾಟರಿ ಗೆದ್ದರು. 17 ಲಕ್ಷ ಕೋಟಿಯಲ್ಲಿ ಒಂದು ಎಂದು ಸುದ್ದಿಯಾಯಿತು. ಎರಡೇ ಟಿಕೆಟ್ ಕೊಂಡ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಆ ಲೆಕ್ಕ ಸರಿ. ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಬೇರೆ ಪ್ರಶ್ನೆ ಕೇಳಿದರು: ಇಡೀ ಅಮೆರಿಕದಲ್ಲಿ ಯಾರಿಗಾದರೂ, ನಾಲ್ಕು ತಿಂಗಳಲ್ಲಿ ಹೀಗಾಗುವ ಸಂಭವ ಎಷ್ಟು? 30ಕ್ಕೆ 1ಕ್ಕಿಂತ ಹೆಚ್ಚು. ಏಳು ವರ್ಷದ ಅವಧಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು. ‘ಆಕೆಗೆ’ ಎಂಬಲ್ಲಿ ‘ಯಾರಿಗಾದರೂ’ ಎಂದು ಹಾಕಿದರೆ ಪವಾಡ ಸುದ್ದಿಯಷ್ಟೇ ಆಗಿ ಉಳಿಯುತ್ತದೆ. ಹಾಗಾಗಿ ಇಂಥ ವಾಕ್ಯದಲ್ಲಿ ಯಾರಿಗೆ, ಎಷ್ಟು ಕಾಲದಲ್ಲಿ ಎಂಬೆರಡು ಇರಲೇಬೇಕು.

ಮೊದಲು ಹೇಳಿದ ಆ ಔಷಧದ ಚೀಟಿಯನ್ನು ಆಮೇಲೆ ತಿದ್ದಿದೆ. ಯುರೋಪಿನ ಔಷಧ ಮಾಹಿತಿಯಲ್ಲಿ ‘ವಿರಳ’ ಎಂದರೆ ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ, ಹತ್ತು ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆಯಲ್ಲ. ‘ಅತಿ ವಿರಳ’ ಎಂದರೆ ಹತ್ತು ಸಾವಿರದಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಲ್ಲಿನ ‘ಸಾಮಾನ್ಯ’ವೂ ಎಲ್ಲರಿಗೂ ಆಗುವಂಥದ್ದಲ್ಲ, ನೂರರಲ್ಲಿ ಒಬ್ಬರಿಂದ ಹತ್ತು ಮಂದಿಯವರೆಗೆ. ನನ್ನ ಹೊಸ ಸಾಲು ಹೀಗಿತ್ತು: ‘ಮುಖ, ತುಟಿ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದೀತು. ಹೀಗಾಗುವುದು ತೀರ ವಿರಳ, ಮಾತ್ರೆ ತೆಗೆದುಕೊಂಡ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ.’ ಅದೇ ಹಿರಿಯರಿಗೆ ತೋರಿಸಿದೆ. ಎರಡು ಸಲ ಓದಿ, “ಹಂಗಾದ್ರೆ ತಗೋಬಹುದು ಬಿಡು,” ಎಂದರು.